ಅಯ್ಯನವರ ಕಾಲುಚೀಲದ ವ್ರತ

ತೆಲುಗು ಗಡಿಯ ಮಕ್ತಲ್‌ನ ಶರಣಯ್ಯನವರಿಗೆ ಸಕ್ಕರೆ ಕಾಯಿಲೆ ಶುರುವಾದ ವರ್ಷ, ದಿನಾ ನಡೆಯಲಿ ಎಂದು ಅವರ ಅಳಿಯ ಒಂದು ಜೊತೆ ಕ್ಯಾನ್ವಾಸ್ ಬೂಟು ತಂದುಕೊಟ್ಟ. ಅಯ್ಯನವರು ಊರಿನ ಜಂಗಮರು. ಮನೆ ಮನೆಗೆ ಪೂಜೆಗೆ ಹೋಗುವ ಅವರ ಕಾಲು ಅಲ್ಲಿಯವರೆಗೆ ಚಪ್ಪಲಿ ಬಿಟ್ಟರೆ ಬೇರೇನನ್ನೂ ಕಂಡಿರಲಿಲ್ಲ. ಬೂಟು ಹಾಕಿಕೊಂಡು ಮುಂಜಾನೆ ಊರ ಹೊರಗೆ ಒಂದು ಸುತ್ತು ಹೊಡೆದು ಬಂದರೆ, ತಾವು ರಿಟೈರಾದ ತಹಶೀಲ್ದಾರರೇನೋ ಎನ್ನಿಸಿ ಅವರಿಗೆ ಹಿತವಾಗುತ್ತಿತ್ತು. ಮಳೆಗಾಲ ಬಂದು ಬೂಟು ತೊಯ್ದರೂ ನಡಿಗೆ ಬಿಡಲಿಲ್ಲ. ನಿನ್ನೆಯ ಕಾಲುಚೀಲವನ್ನೇ ಹಿಂಡಿ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ಬಲಗಾಲಿನ ಹೆಬ್ಬೆರಳಿನ ಉಗುರಿನ ತುದಿಯಲ್ಲಿ ಮೊದಲು ಒಂದು ಹಳದಿ ಕಲೆ ಕಾಣಿಸಿತು. ಆಮೇಲೆ ಉಗುರು ದಪ್ಪವಾಯಿತು, ಕೆಳಗಿನಿಂದ ಪುಡಿಪುಡಿಯಾಗಿ ಉದುರತೊಡಗಿತು. ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದರು. ಉಗುರು ಇನ್ನಷ್ಟು ಹಳದಿಯಾಯಿತು. ನಿಂಬೆಹೋಳು ತಿಕ್ಕಿದರು. ಮೆಡಿಕಲ್ ಅಂಗಡಿಯ ಪ್ರವೀಣ್ ಕುಮಾರ್ ಕೊಟ್ಟ ಮುಲಾಮು ತಿಂಗಳುಗಟ್ಟಲೆ ಸವರಿದರು. ಬೆರಳಿನ ಚರ್ಮ ಮಿರಮಿರ ಮಿಂಚಿತೇ ಹೊರತು ಉಗುರು ಜಗ್ಗಲಿಲ್ಲ.

ಬೇರೆ ಯಾರಿಗಾದರೂ ಆಗಿದ್ದರೆ ಇದು ದೊಡ್ಡ ಮಾತಲ್ಲ. ಆದರೆ ಶ್ರಾವಣ ಬಂತೆಂದರೆ ಭಕ್ತರು ಜಂಗಮರ ಪಾದ ತೊಳೆದು, ಆ ನೀರನ್ನು ಪಾದೋದಕವೆಂದು ಅಂಗೈಯಲ್ಲಿ ಹಿಡಿದು ಕುಡಿಯುತ್ತಾರೆ. ಈ ಉಗುರು ತೊಳೆದ ನೀರನ್ನು ಜನಕ್ಕೆ ಹೇಗೆ ಕುಡಿಸುವುದು? ಶರಣಯ್ಯನವರಿಗೆ ಊಟ ಸೇರದಂತಾಯಿತು.

ಮರುವರ್ಷದ ಶ್ರಾವಣದ ಮೊದಲ ಸೋಮವಾರ ಹತ್ತಿ ವ್ಯಾಪಾರಿಗಳ ಮನೆಯ ಹಿರಿಯಳಾದ ಚನ್ನವೀರಮ್ಮ ಪಾದ ಇಡಲು ಹಿತ್ತಾಳೆ ತಾಬಾಣ, ತಂಬಿಗೆ ನೀರು ಇಟ್ಟುಕೊಂಡು ಕಾದು ಕೂತಿದ್ದಳು. ಅಯ್ಯನವರು ಬೂಟು ಬಿಚ್ಚಿ ಕಾಲುಚೀಲದಲ್ಲೇ ಒಳಗೆ ಬಂದು ಮಣೆಯ ಮೇಲೆ ಕೂತರು.

“ಅಯ್ನಾರ, ಚೀಲ ತೆಗೀರಿ.”

“ತೆಗೆಯಂಗಿಲ್ಲವ್ವ,” ಎಂದರು. ಮುಂದೇನು ಹೇಳಬೇಕೆಂದು ಅವರಿಗೂ ಗೊತ್ತಿರಲಿಲ್ಲ. “ವ್ರತ ಹಿಡಿದೀನಿ.”

“ಯಾವ ವ್ರತಾರಿ?”

“ಪಾದಗೋಪ್ಯ ವ್ರತ. ಈ ಶ್ರಾವಣದಿಂದ ಬರೋ ಶ್ರಾವಣದ ತನಕ ಪಾದ ಯಾರಿಗೂ ತೋರಸಂಗಿಲ್ಲ. ಈ ಸರ್ತಿ ಲಿಂಗಕ್ಕ ನೀರು ಹಾಕಿ ಅದನ್ನ ತಗೋರಿ.”

ಚನ್ನವೀರಮ್ಮ ಭಕ್ತಿಯಿಂದ ಕಾಲುಚೀಲಕ್ಕೇ ಕೈಮುಗಿದಳು.

ಇಂಥ ವ್ರತದ ಸುದ್ದಿಗೆ ಬಸ್ಸು ಬೇಕಿಲ್ಲ. ವಾರದೊಳಗೆ ದೂರದ ಗುಂಡುಮಾಲ್ ಊರಿನಲ್ಲೂ ಅದೇ ಮಾತು. ಚನ್ನವೀರಮ್ಮ ಒಂದು ಕಟ್ಟು ಹೊಸ ಕಾಲುಚೀಲ ಕಳಿಸಿಕೊಟ್ಟಳು. ಒಂದು ದಿನ ನಾರಾಯಣಪೇಟೆಯಿಂದ ಪಾತ್ರೆ ಅಂಗಡಿಯ ಗುರುಲಿಂಗ ಬಂದು, ಬಾಗಿಲಲ್ಲೇ ಅಡ್ಡಬಿದ್ದ.

“ಅಯ್ನಾರ, ನನಗೂ ಆ ವ್ರತ ಕೊಡ್ರಿ.”

“ನಿನಗ್ಯಾಕೋ? ನೀ ಯಾಪಾರ ಮಾಡಾಂವ.”

“ಹಂಗನ್ನಬ್ಯಾಡ್ರಿ. ಬಾಳ ದಿನದಿಂದ ಮನಸಿನ್ಯಾಗ ಐತಿ.”

ಒಳಗೆ ಶರಣಯ್ಯನವರ ಹೆಂಡತಿ ಬಸವೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಯ್ಯನವರು ಬೇರೆ ದಾರಿ ಕಾಣದೆ ಗುರುಲಿಂಗನ ಹಣೆಗೆ ವಿಭೂತಿ ಹಚ್ಚಿ ವ್ರತ ಕೊಟ್ಟೇಬಿಟ್ಟರು.

ವ್ರತವನ್ನು ಕಾಪಾಡಲು ಈಗ ಮನೆಯ ಹೊರಗೆಲ್ಲ ಕಾಲುಚೀಲ ಬೇಕಾಯಿತು. ಬೆವರಿಗೂ ಗಾಳಿಯಿಲ್ಲದ್ದಕ್ಕೂ ಪಕ್ಕದ ಬೆರಳಿನ ಉಗುರೂ ಹಳದಿಯಾಯಿತು. ದೀಪಾವಳಿಯ ಹೊತ್ತಿಗೆ ಬೂಟಿನೊಳಗೆ ಹೆಬ್ಬೆರಳು ಒತ್ತಿ ನೋಯತೊಡಗಿತು. ಒಂದು ಮಧ್ಯಾಹ್ನ ಬಸವೇಶ್ವರಿ ಅಂಗಳದ ಬಿಸಿಲಿನಲ್ಲಿ ಕೂತು, ಗಂಡನ ನೇಲ್‌ಕಟರಿನಿಂದಲೇ ಉಗುರು ತೆಗೆದುಕೊಳ್ಳುತ್ತಿದ್ದವಳು ತಟ್ಟನೆ ನಿಲ್ಲಿಸಿ, ಕಾಲನ್ನು ಅವರ ಮುಂದೆ ಚಾಚಿದಳು. ಅವಳ ಉಗುರಿನ ತುದಿಯಲ್ಲೂ ಅದೇ ಹಳದಿ ಕಲೆ.

“ವ್ರತ ಹಿಡಿದಾವರು ನೀವು,” ಎಂದಳು. “ಫಲ ನನಗ ಬಂತು ನೋಡ್ರಿ.”

ಮರುದಿನವೇ ಇಬ್ಬರೂ ದವಾಖಾನೆಗೆ ಹೊರಟರು. ಮಕ್ತಲ್‌ನಲ್ಲಿ ತೋರಿಸಿದರೆ ವ್ರತ ಬಯಲಾಗುತ್ತದೆ, ನಾರಾಯಣಪೇಟೆಯಲ್ಲಿ ಪರಿಚಯದವರು ಹೆಚ್ಚು ಎಂದು ಗದ್ವಾಲ್‌ಗೆ ಹೋದರು. ಬಸ್ಸು ನದಿಯ ಮೇಲಿನ ಜುರಾಲ ಅಣೆಕಟ್ಟೆ ದಾಟುವಾಗ ಶರಣಯ್ಯನವರಿಗೆ ಸ್ವಲ್ಪ ಧೈರ್ಯ ಬಂತು. ನದಿಯಾಚೆ ತಮ್ಮ ಕಾಲನ್ನು ಬಲ್ಲವರು ಯಾರೂ ಇಲ್ಲ.

ಚರ್ಮದ ಡಾಕ್ಟರರ ಕ್ಲಿನಿಕ್ಕಿನ ಬೆಂಚಿನ ಮೇಲೆ, ಒಂದು ಕಾಲುಚೀಲ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗುರುಲಿಂಗ ಕೂತಿದ್ದ.

ಅಯ್ಯನವರೂ ಅವನೂ ಒಬ್ಬರನ್ನೊಬ್ಬರು ನೋಡಿದರು. ಗುರುಲಿಂಗ ಎದ್ದು ನಮಸ್ಕಾರ ಮಾಡುವುದೋ ಕಾಲು ಮುಚ್ಚಿಕೊಳ್ಳುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ. ಅವನ ಹೆಬ್ಬೆರಳಿನ ಉಗುರು ಅಯ್ಯನವರದಕ್ಕಿಂತ ದಪ್ಪವಾಗಿತ್ತು.

“ವ್ರತ ಮುರಿದೆಲ್ಲೋ,” ಎಂದರು ಶರಣಯ್ಯ.

“ಮುರದಿಲ್ರಿ ಅಯ್ನಾರ, ಒಂದ ಕಾಲು ತೆಗದೀನಿ,” ಎಂದ ಅವನು. ಆಮೇಲೆ ದನಿ ತಗ್ಗಿಸಿ, “ನಿಮ್ಮದೂ ಇದಾ?” ಎಂದ.

“ಇದಾ.”

“ಹಂಗಾರ ಆ ವ್ರತ ಎಲ್ಲಿ ಬರದೈತ್ರಿ?”

“ಎಲ್ಲೂ ಇಲ್ಲ. ನನ್ನ ತಲಿಯಾಗ ಹುಟ್ಟಿದ್ದು.”

ಗುರುಲಿಂಗ ಬೆಂಚಿನ ಮೇಲೆ ಸರಿದು ಅವರಿಗೆ ಜಾಗ ಕೊಟ್ಟ. ಬಸವೇಶ್ವರಿಗೆ ಈ ಸಲ ಸೆರಗು ಸಾಕಾಗಲಿಲ್ಲ. ಅವಳು ಹೊರಗೆ ಹೋಗಿ ನಕ್ಕು ಬಂದಳು. ಅಷ್ಟರಲ್ಲಿ ನರ್ಸ್ ರೇಷ್ಮಾ, “ಶರಣಯ್ಯಗಾರು, ಲೋಪಲಿಕಿ ರಂಡಿ,” ಎಂದು ತೆಲುಗಿನಲ್ಲಿ ಒಳಗೆ ಕರೆದಳು.

ಡಾಕ್ಟರ್ ಕಾವ್ಯ ಚಿಕ್ಕ ವಯಸ್ಸಿನವರು, ತಾಯಿ ರಾಯಚೂರಿನವರಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಉಗುರನ್ನು ತಿರುಗಿಸಿ ನೋಡಿ, ಕೆಳಗಿನ ಪುಡಿಯನ್ನು ಕೆರೆದು ಗಾಜಿನ ಮೇಲೆ ತೆಗೆದುಕೊಂಡರು.

“ಕೆಟ್ಟ ಉಗುರೆಲ್ಲ ಫಂಗಸ್ ಅಲ್ರಿ. ಪೆಟ್ಟು ಬಿದ್ರೂ ಹಿಂಗ ಆಗ್ತದ, ಬ್ಯಾರೆ ಚರ್ಮದ ರೋಗಕ್ಕೂ ಆಗ್ತದ. ನೋಡಿನ ಗುಳಿಗಿ ಕೊಡಬೇಕು,” ಎಂದು ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಸ್ವಲ್ಪ ಹೊತ್ತಿನಲ್ಲೇ ಅದು ಫಂಗಸ್ಸೇ ಎಂದು ಖಚಿತವಾಯಿತು.

“ಮುಲಾಮು ಇಷ್ಟು ದಿನ ಹಚ್ಚೀನಲ್ಲ ಡಾಕ್ಟರಮ್ಮ?”

“ಅದು ಉಗುರಿನ ಮ್ಯಾಲೆ, ಫಂಗಸ್ ಉಗುರಿನ ಕೆಳಗ. ಒಳಗ ಹ್ಯಾಂಗ ಹೋಗಬೇಕು? ಗುಳಿಗಿ ಮೂರು ತಿಂಗಳು ತಗೋಬೇಕು. ಮೊದಲು ರಕ್ತ ಕೊಡ್ರಿ, ಲಿವರ್ ಸರಿ ಐತೇನು ನೋಡೋಣ. ಸಕ್ಕರಿನೂ ಹತೋಟಿಯೊಳಗ ಇರಬೇಕು.”

“ಮೂರು ತಿಂಗಳಿಗೆ ಉಗುರು ಚಂದ ಆಗ್ತದ?”

“ಇಲ್ರಿ. ಫಂಗಸ್ ಸಾಯ್ತದ. ಕೆಟ್ಟ ಉಗುರು ಚಂದ ಆಗಂಗಿಲ್ಲ, ಬುಡದಿಂದ ಹೊಸದು ಬೆಳದು ಅದನ್ನ ಮುಂದಕ್ಕ ತಳ್ಳಬೇಕು. ಒಂದು ವರ್ಷ, ಒಂದೂವರಿ ವರ್ಷ ಹಿಡೀತದ.”

ಬಸವೇಶ್ವರಿಯದು ತುದಿಗಷ್ಟೇ ತಗುಲಿದ್ದರಿಂದ ಗುಳಿಗೆ ಬೇಡವೆಂದು, ಉಗುರಿಗೆ ಬಣ್ಣದಂತೆ ಬಳಿಯುವ ಔಷಧಿ ಬರೆದರು. ಮದುವೆಯಾದ ಮೇಲೆ ಗಂಡ ತನಗೆ ಕೊಡಿಸುತ್ತಿರುವ ಮೊದಲ ನೇಲ್‌ಪಾಲಿಶ್ ಇದೇ ಎಂದು ಅವಳು ಡಾಕ್ಟರರಿಗೆ ಹೇಳಿದಳು. ಒಬ್ಬರ ನೇಲ್‌ಕಟರ್ ಇನ್ನೊಬ್ಬರು ಮುಟ್ಟಬಾರದು, ಕಾಲು ತೊಳೆದ ಮೇಲೆ ಬೆರಳಿನ ಸಂದಿ ಒರೆಸಬೇಕು, ಕಾಲುಚೀಲ ದಿನಾ ಬದಲಿಸಬೇಕು, ತೊಯ್ದ ಬೂಟು ಪೂರ್ತಿ ಒಣಗದೆ ಹಾಕಬಾರದು ಎಂದು ಕಾವ್ಯ ಗದರಿಸಿದಂತೆಯೇ ಹೇಳಿದರು.

“ಮನ್ಯಾಗ ಕಾಲಿಗೆ ಗಾಳಿ ಆಡಲಿ. ಹೊರಗ ಚಪ್ಪಲಿ ಸಾಕು.”

“ಚಪ್ಪಲಿ ಹಾಕಿದ್ರ ಮಂದಿ ನೋಡ್ತಾರಲ್ರಿ.”

“ನೋಡಲಿ. ಅವರಿಗೂ ಇರ್ತದ, ಹೇಳಂಗಿಲ್ಲ ಅಷ್ಟ.”

ಊರಿಗೆ ಬಂದ ಶರಣಯ್ಯನವರು ಚಪ್ಪಲಿ ಮೆಟ್ಟಿ ಸೀದಾ ಚನ್ನವೀರಮ್ಮನ ಮನೆಗೆ ಹೋದರು. ಮಣೆ ಬೇಡವೆಂದು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಚನ್ನವೀರಮ್ಮ ಕನ್ನಡಕ ಏರಿಸಿ ಅವರ ಉಗುರನ್ನು ಬಹಳ ಹೊತ್ತು ನೋಡಿದಳು.

“ಅಂದ್ರ ವ್ರತ ಸುಳ್ಳು.”

“ಸುಳ್ಳವ್ವ.”

“ನಾ ಕಾಲಚೀಲಕ್ಕ ಕೈಮುಗದೀನಿ.”

“ಹೌದವ್ವ. ನೋಡಿ ಸುಮ್ನ ಕುಂತೆ.”

ಅವಳ ಮುಖ ಬಿಗಿದೇ ಇತ್ತು. ಅಡುಗೆಮನೆಯಿಂದ ಸೊಸೆ ನಕ್ಕ ಸದ್ದು ಕೇಳಿದ ಮೇಲೆ ಅದು ಸಡಿಲವಾಯಿತು. “ನೀರು ಕುಡಸಲಿಲ್ಲಲ್ಲ, ಅಷ್ಟ ಸಾಕು,” ಎಂದಳು. “ಕುಂದ್ರಿ, ಚಾ ಕುಡೀರಿ. ಸಕ್ರಿ ಹಾಕಂಗಿಲ್ಲ.”

ಆ ಚಳಿಗಾಲವೆಲ್ಲ ಶರಣಯ್ಯನವರು ಗುಳಿಗೆ ತಪ್ಪಿಸಲಿಲ್ಲ. ಗುಳಿಗೆ ಮುಗಿಯುವ ಹೊತ್ತಿಗೆ ಉಗುರಿನ ಬುಡದಲ್ಲಿ ಎಳೆಗೆಂಪಿನ ಸಣ್ಣ ಅಂಚು ಕಾಣಿಸಿತು. ಅವರು ಅದನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸಿದರು, ಪ್ರವೀಣ್ ಕುಮಾರನಿಗೂ ತೋರಿಸಿದರು. ಆಮೇಲೆ ಗುರುಲಿಂಗನಿಗೆ ತೋರಿಸೋಣವೆಂದು ನಾರಾಯಣಪೇಟೆಗೆ ಹೋದರು.

ಗುರುಲಿಂಗನ ಉಗುರು ಹಾಗೇ ಇತ್ತು. ಗುಳಿಗೆ ಒಂದು ತಿಂಗಳು ತಗೊಂಡೆ, ಏನೂ ಬದಲಾಗಲಿಲ್ಲ, ಬಿಟ್ಟೆ ಎಂದ. ಅಯ್ಯನವರು ಕೊಡ, ಪರಾತಗಳ ನಡುವೆ ಸ್ಟೂಲು ಎಳೆದುಕೊಂಡು ಕೂತರು. ಗಿರಾಕಿಗಳು ಬಂದರು, ಹೋದರು. ಅವರು ಏಳಲಿಲ್ಲ.

“ನಡಿ, ಮತ್ತ ತೋರಿಸಿ ಬರೋಣು.”

“ಇವತ್ತ ಸಂತಿ ಐತ್ರಿ ಅಯ್ನಾರ.”

“ಸಂತಿ ಬರೋ ವಾರನೂ ಐತಿ.”

ಕೊನೆಗೆ ಗುರುಲಿಂಗ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಗೊಣಗುತ್ತಲೇ ಅವರ ಜೊತೆ ಗದ್ವಾಲ್ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅಯ್ಯನವರು ಅವನಿಗೆ ಬೆರಳಿನ ಸಂದಿ ಒರೆಸುವ ಬಗೆಯನ್ನು ಟವೆಲ್ ಸಮೇತ ವಿವರಿಸಿದರು. ಅದು ಮುಗಿದ ಮೇಲೆ ಎದುರು ಸೀಟಿನವನ ಬೂಟಿನತ್ತ ನೋಡತೊಡಗಿದರು. ಆ ಮನುಷ್ಯ ಮೆಲ್ಲಗೆ ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡ.