ಚಿತ್ರಕಾರರ ಕಾರ್ಡುಗಳು

ಟಿ.ವಿ.ಯಲ್ಲಿ ತಡರಾತ್ರಿ ಬರುವ ನಮ್ಮ ವಿಡಂಬನೆಯ ಷೋ ಚಿತ್ರೀಕರಣವಾಗುವುದು ಸಂಜೆ ಐದಕ್ಕೆ. ಕಿಟಕಿಯಿಲ್ಲದ ಹಾಲಿನಲ್ಲಿ ಕೂತ ಎಂಬತ್ತು ಜನರಿಗೆ ಆಗಲೇ ರಾತ್ರಿ. ನಿರೂಪಕರ ಜೋಕುಗಳನ್ನೆಲ್ಲ ಬರೆಯುವವನು ನಾನು, ಹೆಸರು ಮಾತ್ರ ಅವರದು. ಇರಲಿ, ಹೊಟ್ಟೆಪಾಡು. ಪ್ರಶ್ನೆಗಳನ್ನು ಮೊದಲೇ ಓದಿದರೆ ನಗು ಹಳಸುತ್ತದೆಂದು ಅವರ ನಂಬಿಕೆ. ಹಾಗಾಗಿ ದೀಪ ಹತ್ತುವ ಗಳಿಗೆಗೆ, ಒಬ್ಬೊಬ್ಬ ಅತಿಥಿಗೂ ಬೇರೆಬೇರೆಯಾಗಿ ಪ್ರಶ್ನೆ ಬರೆದ ಕಾರ್ಡುಗಳ ಕಟ್ಟನ್ನು ಅವರ ಕೈಗಿಡಬೇಕು. ಬರೆದದ್ದನ್ನು ಬರೆದ ಹಾಗೆ ಓದುತ್ತಾರೆ.

ಆ ದಿನ ಇಬ್ಬರು ಅತಿಥಿಗಳು. ಒಬ್ಬರು ವಯಸ್ಸಾದ ಚಿತ್ರಕಾರರು. ಇನ್ನೊಬ್ಬಳು ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿರುವ ನನ್ನ ಅಕ್ಕ. ನನಗೆ ಬರೆಯುವುದನ್ನು ಕಲಿಸಿದವಳು ಅವಳೇ. ನಾನು ಇಂಥ ಕಡೆ ಬಂದು ಬಿದ್ದದ್ದು ಅವಳ ತಪ್ಪಲ್ಲ.

ಮೇಕಪ್ ಕೋಣೆಯಲ್ಲಿ ಕುತ್ತಿಗೆಗೆ ಟವೆಲು ಸುತ್ತಿಕೊಂಡು ಕೂತಿದ್ದಳು.

"ಕೆಲಸ ಬಿಡ್ತಿದ್ದೀನಿ ಕಣೋ. ಇವತ್ತು ಇಲ್ಲೇ ಹೇಳ್ಬಿಡ್ತೀನಿ."

"ಯಾಕೆ?"

"ಆಸ್ಪತ್ರೆ ಔಷಧಿ ಕದ್ದು ಹೊರಗೆ ಮಾರ್ಕೊಳ್ತಿರೋದನ್ನ ಮೂರು ಸಲ ಬರೆದೆ. ಒಬ್ರೂ ಮಿಸುಕಾಡ್ಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಸಾಕು."

ಅವಳ ಕಟ್ಟಿನ ಕೊನೆಯ ಕಾರ್ಡಿನಲ್ಲಿ ನಾನೇ ತಮಾಷೆಗೆ ಬರೆದಿದ್ದೆ: "ಈ ಕೆಲಸ ಯಾವಾಗ ಬಿಡ್ತೀರಿ?" ಅವಳಿಗೆ ಬೇಕಾದ ಬಾಗಿಲನ್ನು ನಾನೇ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು. ಗಾಬರಿಯಲ್ಲೇ ಓಡಿ ಕಟ್ಟನ್ನು ನಿರೂಪಕರ ಕೈಗಿಟ್ಟೆ. ಇಬ್ಬರು ಅತಿಥಿಗಳೂ ಬಂದು ಕೂತ ಮೇಲೆ ಅವರು ಅಕ್ಕನತ್ತ ತಿರುಗಿ ಮೊದಲ ಕಾರ್ಡು ಓದಿದರು.

"ಮೇಡಂ, ನೀಲಿ ಬಣ್ಣದ ಮೇಲೆ ನಿಮಗೆ ಯಾಕಿಷ್ಟು ವ್ಯಾಮೋಹ?"

ನಾನು ಕೊಟ್ಟದ್ದು ಚಿತ್ರಕಾರರ ಕಟ್ಟು.

ಅಕ್ಕ ಒಂದು ಕ್ಷಣ ನನ್ನತ್ತ ನೋಡಿದಳು. "ನಮ್ಮಲ್ಲಿರೋದು ಒಂದೇ ಬಣ್ಣ ಸಾರ್, ಕಪ್ಪು. ಅದೂ ಓದೋರ ಕೈಗೆ ಹತ್ತುತ್ತೆ, ತಲೆಗೆ ಹತ್ತಲ್ಲ."

ಜನ ಬಿದ್ದು ಬಿದ್ದು ನಕ್ಕರು. ಆ ಹಾಲಿನಲ್ಲಿ ನಾನು ಬರೆಯದ ಮಾತಿಗೆ ನಗು ಬಂದದ್ದು ಅದೇ ಮೊದಲು. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾದೀತು. ಎಡವಟ್ಟಾಗಿದೆಯೆಂದು ನಿರೂಪಕರಿಗೂ ಹೊಳೆಯಿತು, ಆದರೆ ನಗು ಬಂದ ಮೇಲೆ ನಿಲ್ಲಿಸುವ ಆಸಾಮಿಯಲ್ಲ ಅವರು. ಓದುತ್ತಲೇ ಹೋದರು. ಕೊನೆಯ ಕಾರ್ಡು ಬಂತು.

"ಒಂದು ಕೃತಿ ಮುಗೀತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಈಗ ಹೇಳಿಯೇಬಿಡುತ್ತಾಳೆಂದು ನಾನು ಪರದೆ ಹಿಡಿದು ನಿಂತೆ. ಪಕ್ಕದ ಕುರ್ಚಿಯಿಂದ ಚಿತ್ರಕಾರರು ಮೆಲ್ಲಗೆ ಅಂದರು, "ನನ್ನ ಕಥೆ ಹೇಳ್ಲಾ ತಾಯಿ? ಬೇಜಾರಾದಾಗೆಲ್ಲ ಮುಗೀತು ಅನ್ಸುತ್ತೆ. ಕುಂಚ ತೊಳೆದಿಟ್ಟು ಮಲಗಿಬಿಡ್ತೀನಿ. ಬೆಳಗ್ಗೆ ಎದ್ದು ನೋಡಿದ್ರೆ ಒಂದು ಮೂಲೆ ಹಾಗೇ ಉಳಿದಿರುತ್ತೆ."

ಯಾರೂ ನಗಲಿಲ್ಲ.

"ನನ್ನದೂ ಒಂದು ಮೂಲೆ ಉಳಿದಿದೆ," ಎಂದಳು ಅಕ್ಕ. "ಒಬ್ಬನನ್ನ ನಾನಿನ್ನೂ ಮಾತಾಡಿಸೇ ಇಲ್ಲ."

ಷೋ ಮುಗಿದ ಮೇಲೆ ನಿರೂಪಕರಿಂದ ನನಗೆ ಸರಿಯಾಗಿ ಮಂಗಳಾರತಿಯಾಯಿತು. ತಲೆ ತಗ್ಗಿಸಿ ಹೊರಗೆ ಬಂದರೆ, ಮುಖದ ಪೌಡರನ್ನೂ ಒರೆಸಿಕೊಳ್ಳದೆ ಅಕ್ಕ ನನ್ನ ಸ್ಕೂಟರಿನ ಹಿಂದೆ ಕೂತಿದ್ದಳು.

"ಮನೆಗೆ ತಾನೆ?" ಎಂದೆ.

"ಮನೆ ಎಲ್ಲಿ ಓಡಿಹೋಗುತ್ತೆ? ಆ ಔಷಧಿ ಕೊಂಡ್ಕೊಳ್ಳೋ ಅಂಗಡಿಯವನು ಎಂಟಕ್ಕೆ ಬಾಗಿಲು ಹಾಕ್ತಾನೆ. ಬೇಗ ಹೊರಡು."