ಮುತ್ತಣ್ಣ ಹೇಳಿದ ಹೇಳಿಕೆ

ಒಂದು ನಿಮಿಷ ಇರಿ, ಇದನ್ನು ಪೂರ್ತಿ ಕೇಳಿ. ಕೇಳಿದ ಮೇಲೆ ಮುತ್ತಣ್ಣನನ್ನು ಬೈಯುವುದಿದ್ದರೆ ಬೈಯಿರಿ, ಯಾರೂ ಬೇಡ ಅನ್ನುವುದಿಲ್ಲ. ಅರ್ಧಕ್ಕೆ ಮಾತ್ರ ಎದ್ದು ಹೋಗಬೇಡಿ.

ಬೀರಪ್ಪನ ಗುಡಿಯ ಮುಂದೆ ಬಿಳಿ ಕಾರು ಬಂದು ನಿಂತಾಗ ಪೂಜಾರಿ ಮುತ್ತಣ್ಣ ಹೆಗಲಿಗೆ ಕರಿ ಕಂಬಳಿ ಹಾಕಿಕೊಳ್ಳುತ್ತಿದ್ದ. ಕಾರಿನಿಂದ ಮೊದಲು ಒಂದು ಕೋಲು ಇಳಿಯಿತು, ಅದರ ಹಿಂದೆ ಶಿದ್ರಾಮಪ್ಪ. ಹಿಪ್ಪರಗಿಯಿಂದ ಈಚೆ, ಕಬ್ಬಿನ ನಡುವೆ ಇರುವ ಆ ಸಣ್ಣ ಊರಿನಲ್ಲಿ ಗುಡಿಗೆ ಅವನೇ ಹಿರಿಯ. ಅವನು ಹೂಂ ಅನ್ನದೆ ಪಲ್ಲಕ್ಕಿ ಏಳುತ್ತಿರಲಿಲ್ಲ, ಅವನು ಕೈ ಮುಗಿಯದೆ ಡೊಳ್ಳು ಶುರುವಾಗುತ್ತಿರಲಿಲ್ಲ. ಅಂಥವನು ಈಗ ಮೆಟ್ಟಿಲಿಗೊಮ್ಮೆ ನಿಂತು, ಎದೆ ಹಿಡಿದುಕೊಂಡು ಉಸಿರು ಎಳೆದುಕೊಳ್ಳುತ್ತಿದ್ದ. ಅದನ್ನು ನೋಡಿ ಮುತ್ತಣ್ಣನಿಗೆ ಖುಷಿಯಾಯಿತು. ಸುಳ್ಳೇಕೆ, ಹೋಳಿಗೆ ಉಂಡಷ್ಟು ಖುಷಿಯಾಯಿತು.

ಹಿಂದಿನ ದಿನವೇ ಶಿದ್ರಾಮಪ್ಪನ ಮಗ ಮಾಂತೇಶ ಬನಹಟ್ಟಿಯಲ್ಲಿರುವ ಮುತ್ತಣ್ಣನ ಟ್ರ್ಯಾಕ್ಟರ್ ಗ್ಯಾರೇಜಿಗೆ ಬಂದು ಕೂತಿದ್ದ.

"ಅಪ್ಪನ ಹಾರ್ಟಿನ್ಯಾಗ ಬ್ಲಾಕ್ ಆಗ್ಯಾವಂತ ದೋಸ್ತ. ಮಿರಜದಾಗ ಆಪರೇಶನ್ನಿಗೆ ತಾರೀಖ ಕೊಟ್ಟಾರ. ತಡಾ ಮಾಡಿದ್ರ ಉಳಿಯಂಗಿಲ್ಲ ಅಂದಾರ. ಈ ಮುದುಕ ನೋಡಿದ್ರ, ಬೀರಪ್ಪನ ಹೇಳಿಕಿ ಆಗಲಾರದ ಊರ ದಾಟಂಗಿಲ್ಲ ಅಂತ ಕುಂತಾನ."

"ಮತ್ತ ಬರ್ರಿ. ನಾಳೆ ಐತ್ವಾರ, ಹೇಳಿಕಿ ಐತೆಲ್ಲ."

"ಅದಕ್ಕ ಬಂದೇನಿ. ನೀ 'ಹೋಗು' ಅಂದಬಿಡು. ಮುಗೀತು."

"ಅನ್ನಾಂವ ನಾ ಅಲ್ಲಲ್ಲೋ. ದೇವರು."

ಮಾಂತೇಶ ಕಿಸಕ್ಕನೆ ನಕ್ಕ. "ಏ ಬಿಡಲೇ ಮುತ್ತ್ಯಾ! ಕೈತುಂಬ ಗ್ರೀಸ್ ಹಚ್ಚಿಕೊಂಡು ನನಗ ದೇವರ ಸುದ್ದಿ ಹೇಳ್ತಿ?"

ಮುತ್ತಣ್ಣನೂ ನಕ್ಕ. ನಗದೆ ಏನು ಮಾಡುತ್ತಾನೆ? ಅಪ್ಪ ಗಿರಮಲ್ಲಪ್ಪ ತೀರಿಕೊಂಡ ಮೇಲೆ ಪೂಜಾರಿಕೆಯ ಕಂಬಳಿ, ಬೆತ್ತ, ಮೈಮೇಲೆ ದೇವರು ಬಂದು ಕೊಡುವ ಭಾನುವಾರದ ಹೇಳಿಕೆ, ಎಲ್ಲವೂ ಅವನ ಪಾಲಿಗೆ ಬಂದಿದ್ದವು. ಮೊದಲ ಸಲ ಗದ್ದುಗೆಯ ಮುಂದೆ ಕೂತಾಗ ನಿಜವಾಗಿಯೂ ನಂಬಿ ಕೂತಿದ್ದ. ಈಗ ಬರುತ್ತಾನೆ, ಇನ್ನೇನು ಬಂದೇಬಿಟ್ಟ ಅಂತ ಕಣ್ಣು ಮುಚ್ಚಿ ಕಾದಿದ್ದ. ಡೊಳ್ಳು ಕಿವಿ ಒಡೆಯುವಂತೆ ಮೊಳಗಿತು, ತಲೆಯ ಮೇಲೆ ಭಂಡಾರದ ಅರಿಶಿನ ಪುಡಿ ಮಳೆಯಂತೆ ಸುರಿಯಿತು, ಬಂದದ್ದು ಬೆವರು ಮಾತ್ರ. ಒಳಗೆಲ್ಲ ಹುಡುಕಿದ, ಅಲ್ಲಿ ಇದ್ದವನು ಒಬ್ಬನೇ, ಮುತ್ತಣ್ಣ. ಕಣ್ಣು ಸ್ವಲ್ಪ ತೆರೆದು ನೋಡಿದರೆ ಊರಿಗೆ ಊರೇ ಕೈ ಮುಗಿದು ನಿಂತಿತ್ತು. ಆಗ ಹೆಗಲನ್ನು ತಾನೇ ಅಲುಗಾಡಿಸಿದ. ಅವತ್ತಿನಿಂದ ಅದೇ ನಡೆದಿತ್ತು. ಇವತ್ತಾದರೂ ಬಂದಾನೇನೋ ಅಂತ ಪ್ರತಿ ಸಲ ಒಂದು ಚೂರು ಜಾಗ ಬಿಟ್ಟುಕೊಂಡೇ ಕೂರುತ್ತಿದ್ದ. ಆ ಜಾಗ ಖಾಲಿಯಾಗಿಯೇ ಇತ್ತು.

ಇನ್ನು ಸಾತವ್ವನ ವಿಷಯ. ಸಾತವ್ವ ಮುತ್ತಣ್ಣನ ತಂಗಿ. ದಿನಾ ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದಳು, ಕಿಟಕಿ ಸೀಟಿಗಾಗಿ ದೊಡ್ಡವರ ಜೊತೆಗೂ ಜಗಳಕ್ಕೆ ಬೀಳುತ್ತಿದ್ದಳು. ಅವಳಿಗೆ ಹೊಟ್ಟೆನೋವು ಎದ್ದದ್ದು ದೇವರ ಪಲ್ಲಕ್ಕಿ ಹೊಳೆಗೆ ಹೋಗುವ ದಿನ. ಊರಲ್ಲಿ ಜೀಪು ಇದ್ದದ್ದು ಶಿದ್ರಾಮಪ್ಪನ ಮನೆಯಲ್ಲಿ. ಮಗಳ ಜೊತೆ ಪೂಜಾರಿ ಆಸ್ಪತ್ರೆಗೆ ಹೋದರೆ ಪಲ್ಲಕ್ಕಿ ಏಳುವಂತಿಲ್ಲ. "ಹೇಳಿಕಿ ಕೇಳೂಣು" ಅಂದ ಶಿದ್ರಾಮಪ್ಪ. ಅಳುತ್ತಿದ್ದ ಗಿರಮಲ್ಲಪ್ಪನನ್ನು ಕೂರಿಸಿ, ಡೊಳ್ಳು ಬಾರಿಸಿ, ಕೇಳಿದವನೂ ಶಿದ್ರಾಮಪ್ಪನೇ: "ಊರ ದಾಟಬ್ಯಾಡ ಅಂತೀಯಲ್ಲಪಾ? ನೀನ ಕಾಯ್ತೀಯಲ್ಲಪಾ?" ಅಪ್ಪ ಹೂಂ ಅಂತ ತಲೆ ಅಲ್ಲಾಡಿಸಿದ. ಹುಡುಗಿಯ ಹೊಟ್ಟೆಗೆ ಭಂಡಾರ ಹಚ್ಚಿದರು. ಪಲ್ಲಕ್ಕಿ ಹೊಳೆಯಿಂದ ತಿರುಗಿ ಬರುವಷ್ಟರಲ್ಲಿ ಒಳಗೆ ಏನೋ ಒಡೆದು ಸಾತವ್ವ ಹೋಗಿಬಿಟ್ಟಿದ್ದಳು.

"ದೇವರಿಗೆ ಬೇಕಾದ್ಲು" ಅಂದಿದ್ದ ಶಿದ್ರಾಮಪ್ಪ. ಅವ್ವ ಸಿದ್ದಕ್ಕ ಆ ಮಾತನ್ನು ಹಿಡಿದುಕೊಂಡೇ ಇಷ್ಟು ವರ್ಷ ರೊಟ್ಟಿ ಬಡಿದಿದ್ದಳು, ಉಂಡಿದ್ದಳು, ಮಲಗಿದ್ದಳು. ಮುತ್ತಣ್ಣನ ಗಂಟಲಲ್ಲಿ ಮಾತ್ರ ಅದು ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಹಾಗಾಗಿ ಮಾಂತೇಶ ಎದ್ದು ಹೋದ ಮೇಲೆ ಗ್ಯಾರೇಜಿನ ಶಟರ್ ಎಳೆಯುವಾಗಲೇ ಮುತ್ತಣ್ಣ ನಿರ್ಧಾರ ಗಟ್ಟಿ ಮಾಡಿಕೊಂಡಿದ್ದ. ಊರ ದಾಟಬ್ಯಾಡ. ಭಂಡಾರ ಹಚ್ಚು. ನಾ ಕಾಯ್ತೇನಿ. ಅದೇ ಮಾತು, ಅಷ್ಟೇ ಮಾತು. ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ್ದ. ದೇವರ ಮೇಲೆ ಯಾವ ಪೊಲೀಸ್ ಕೇಸು ಹಾಕುತ್ತಾನೆ?

ಈಗ ರಾಮಲಿಂಗಪ್ಪನ ಡೊಳ್ಳು ಶುರುವಾಯಿತು. ಶಿದ್ರಾಮಪ್ಪ ಎದುರಿಗೆ ಕೂತು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದ. ಮುತ್ತಣ್ಣ ಮೈ ಅಲುಗಾಡಿಸತೊಡಗಿದ.

"ಯಪ್ಪಾ ಬೀರಪ್ಪಾ, ಈ ಜೀವಾ ನಿಂದು. ಮಿರಜಕ್ಕ ಹೋಗ್ಲ್ಯಾ, ಬ್ಯಾಡ? ನೀ ಹೆಂಗ ಅಂತಿ ಹಂಗ."

ಮಾತು ಹಲ್ಲಿನ ತನಕ ಬಂತು. ಬಾಯಿ ತೆರೆದರೆ ಸಾಕಿತ್ತು. ಆದರೆ ಮುತ್ತಣ್ಣ ಮುದುಕನ ಮುಖ ನೋಡಿದ. ಎಂಥ ನೆಮ್ಮದಿ ಇತ್ತು ಆ ಮುಖದಲ್ಲಿ! ತಾಯಿಯ ತೊಡೆಯ ಮೇಲೆ ಮಲಗಿದ ಕೂಸಿನ ಹಾಗೆ. ಬೇಡ ಅಂದರೆ ಭಂಡಾರ ಹಚ್ಚಿಕೊಂಡು ಮನೆಗೆ ಹೋಗಿ, ದೇವರಿಗೆ ಬೇಕಾದೆ ಅಂದುಕೊಂಡು ಹಾಯಾಗಿ ಸಾಯುತ್ತಾನೆ. ಇದು ಯಾವ ಸೀಮೆಯ ಸೇಡು? ಸಾತವ್ವ ಚೀರುತ್ತಾ ಸತ್ತಳು, ಇವನು ಕೈ ಮುಗಿದು ಸಾಯಬೇಕೆ?

"ಡೊಳ್ಳು ನಿಂದರಸೋ ರಾಮಲಿಂಗಪ್ಪಾ!"

ಡೊಳ್ಳು ನಿಂತಿತು. ಮುತ್ತಣ್ಣ ಕಂಬಳಿ ಎಳೆದು ನೆಲಕ್ಕೆ ಎಸೆದ.

"ಶಿದ್ರಾಮಪ್ಪ ಕಾಕಾ, ಕಣ್ಣ ತಗಿ. ಇಲ್ಲಿ ಯಾರೂ ಬಂದಿಲ್ಲ. ನಾ ಮುತ್ತ್ಯಾ ಅದೇನಿ. ನನ್ನ ಮೈಮ್ಯಾಲ ಎಂದೂ ಯಾರೂ ಬಂದಿಲ್ಲ."

"ಏನಂತಾನಲೇ ಇಂವ?" ಅಂತ ಒಬ್ಬ. "ಕುಡದ ಬಂದಾನೇನ ನೋಡ್ರೋ" ಅಂತ ಇನ್ನೊಬ್ಬ. ಶಿದ್ರಾಮಪ್ಪ ಕಣ್ಣು ತೆರೆದ, ಕೈ ಮಾತ್ರ ಬಿಡಲಿಲ್ಲ.

"ಯಪ್ಪಾ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ. ಹೋಗ್ಲ್ಯಾ, ಬ್ಯಾಡ? ಒಂದ ಮಾತ ಹೇಳು."

"ನೀನ ಹೇಳ್ಕೋ! ಹೋಗಿ ಸತ್ರೂ ನೀನ ಹೋದಿ, ಕುಂತ ಸತ್ರೂ ನೀನ ಕುಂತಿ. ಇನ್ನ ದೇವರ ಹೆಗಲಿಗೆ ಹಾಕಾಕ ಬರಂಗಿಲ್ಲ."

"ಹಂಗ ಅನಬ್ಯಾಡೋ ತಮ್ಮಾ, ಅಂಜಿಕಿ ಬರ್ತೈತಿ."

"ಬರ್ಲಿ. ಸಾತವ್ವಗ ಬ್ಯಾಡ ಅಂದಾಂವ ನೀನ. ಅವತ್ತ ಅಪ್ಪನ ಮ್ಯಾಲ ದೇವರು ಬಂದಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಮಾತ ನಿನ್ನ ಬಾಯಾಗಿಂದ ಬಂತು, ಅಪ್ಪ ಬರೇ ತಲಿ ಹಾಕಿದ. ಜೀಪಿನ ಕೀಲಿ ನಿನ್ನ ಕಿಸೆದಾಗ ಇತ್ತು. ನಮ್ಮ ತಂಗೀನ ಕೊಂದಾಂವ ಬೀರಪ್ಪ ಅಲ್ಲ ಕಾಕಾ, ನೀ."

ಮುದುಕನ ಕೈಗಳು ಬಿಚ್ಚಿಕೊಂಡವು. ಕಣ್ಣು ಗದ್ದುಗೆ ನೋಡಿತು, ಜನರನ್ನು ನೋಡಿತು, ಎಲ್ಲೂ ನಿಲ್ಲಲಿಲ್ಲ. ಮುತ್ತಣ್ಣ ಅದನ್ನೇ ನೋಡುತ್ತಾ ನಿಂತ, ಕಣ್ಣು ಮಿಟುಕಿಸದೆ, ಬಾಯಾರಿದವನು ನೀರು ಕುಡಿದ ಹಾಗೆ.

"ಲೇ ಮುತ್ತ್ಯಾ, ನಾ ಹೇಳಿದ್ದ ಒಂದ ಮಾತ, 'ಹೋಗು' ಅಂತ!" ಮಾಂತೇಶ ತಲೆಗೆ ಕೈ ಹಚ್ಚಿಕೊಂಡ. "ಅದೊಂದ ಬಿಟ್ಟ ಎಲ್ಲಾ ಹೇಳಿದೆಲ್ಲೋ!"

ಆಗ ಹೆಂಗಸರು ಕೂತ ಕಡೆಯಿಂದ ಸಿದ್ದಕ್ಕ ಕರೆದಳು. ದನಿ ದೊಡ್ಡದೇನೂ ಇರಲಿಲ್ಲ.

"ಮುತ್ತ್ಯಾ. ಹಂಗಾರ ಅವತ್ತ ನಾನೂ ಕರಕೊಂಡ ಹೋಗಬೌದಿತ್ತಲ್ಲೋ?"

ಮುತ್ತಣ್ಣ ತಿರುಗಿದ.

"ಹಾಲಿನ ಗಾಡಿ ಬಾಗಲ ಮುಂದ ನಿಂತಿತ್ತು. ಡ್ರೈವರ್ ಕೇಳಿದ್ದ, ಬರ್ತೀಯೇನಬೇ ಅಂತ. ಕೂಸು ಅವ್ವಾ ಅವ್ವಾ ಅಂತಿತ್ತು. ನಾ ಭಂಡಾರ ಹಚ್ಚಕೋತ ಕುಂತೆ. ಹೋಗಬೌದಿತ್ತೇನೋ ತಮ್ಮಾ?"

ಇದು ಅವನ ಲೆಕ್ಕದಲ್ಲಿ ಇರಲೇ ಇಲ್ಲ ನೋಡಿ. ಒಬ್ಬನಿಗೆ ಅಂತ ಬೀಸಿದ ಕಲ್ಲು ಎಲ್ಲಿ ಹೋಗಿ ಬಿತ್ತು! ಕಂಬಳಿ ಕಾಲ ಬಳಿಯೇ ಬಿದ್ದಿತ್ತು. ಎತ್ತಿ ಹೊದ್ದು, ಒಮ್ಮೆ ಮೈ ನಡುಗಿಸಿ, "ನಿನ್ನ ಮಗಳು ನನ್ನ ಹತ್ರ ಅದಾಳ" ಅಂದಿದ್ದರೆ ಸಾಕಿತ್ತು. ಊರೂ ನಂಬುತ್ತಿತ್ತು, ಅವ್ವನೂ ಉಳಿಯುತ್ತಿದ್ದಳು. ಅವನು ಬಗ್ಗಿದ. ಕಂಬಳಿಯ ಅಂಚನ್ನು ಹಿಡಿದ. ಹಿಡಿದು, ಬಿಟ್ಟ.

"ಹೌದವ್ವಾ," ಅಂದ. "ಹೋಗಬೌದಿತ್ತು."

ಸಿದ್ದಕ್ಕ ಅಳಲಿಲ್ಲ. ಮೊಳಕಾಲಿಗೆ ಕೈ ಊರಿ ಎದ್ದು, ಸೆರಗು ಬಿಗಿದು, ಸೀದಾ ಶಿದ್ರಾಮಪ್ಪನ ಮುಂದೆ ಬಂದು ನಿಂತಳು.

"ಏಳ ಯಣ್ಣಾ."

"ಎಲ್ಲಿಗೆ?"

"ಮಿರಜಕ್ಕ."

"ಹೇಳಿಕಿ ಆಗಿಲ್ಲವಾ..."

"ನಾ ಹೇಳಾಕತ್ತೇನಲ್ಲ, ಕಿವಿ ಇಲ್ಲೇನ? ಇಷ್ಟ ಲಗೂ ಸಾಯಾಕ ಬಿಡ್ತೇನೇನ ನಿನ್ನ? ಎದಿ ಛಲೋ ಮಾಡಿಸಿಕೊಂಡ ಬಾ. ಬದುಕು. ದಿನಾ ಮುಂಜಾನೆ ಕಣ್ಣ ತಗದ ಕೂಡ್ಲೆ ಆ ಹುಡುಗಿ ನಿನ್ನ ಮುಂದ ಬಂದ ನಿಂದರಬೇಕು. ಇವತ್ತಿಂದ ನನ್ನ ಮುಂದನೂ ನಿಂದರ್ತಾಳ. ನಾ ಒಬ್ಬಾಕಿನ ಯಾಕ ಹೊರಲಿ? ಏಳು!"

ರಟ್ಟೆ ಹಿಡಿದು ಎಬ್ಬಿಸಿದಳು. ಊರಿಗೇ ಹೂಂ ಅನ್ನುತ್ತಿದ್ದ ಮನುಷ್ಯ ಕೋಲು ಊರುತ್ತಾ ಅವಳ ಹಿಂದೆ ಮೆಟ್ಟಿಲು ಇಳಿದ. ಮಾಂತೇಶ ಓಡಿ ಹೋಗಿ ಕಾರು ಶುರು ಮಾಡಿದ. ಮುದುಕನನ್ನು ಒಳಗೆ ತಳ್ಳಿ ಸಿದ್ದಕ್ಕ ಪಕ್ಕದಲ್ಲಿ ಕೂತಳು. ಬಾಗಿಲು ಹಾಕಿಕೊಳ್ಳದೆ ಮಗನ ಕಡೆ ನೋಡಿದಳು.

"ಇಂವ ಆಪರೇಶನ್ ಆಗಿ ಕಣ್ಣ ತಗಿಯೂತನಾ ನಾ ಅಲ್ಲೇ ಇರತೇನಿ. ನೀ ಬರ್ತೀಯೇನು?"

ಮುತ್ತಣ್ಣ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದ. ಕಾರಿನಲ್ಲಿ ಅವ್ವ ಇದ್ದಳು, ಅವನೇ ಇವತ್ತು ಹೊರಿಸಿದ ಭಾರ ಹೊತ್ತುಕೊಂಡು. ಅವಳ ಭುಜಕ್ಕೆ ಭುಜ ಹಚ್ಚಿ, ಯಾರು ಸಾಯಲಿ ಅಂತ ಮುತ್ತಣ್ಣ ಇಷ್ಟು ವರ್ಷ ಕಾದಿದ್ದನೋ ಆ ಮುದುಕ ಕೂತಿದ್ದ. ಹಿಂದಿನಿಂದ ಯಾರೋ ತೆಂಗಿನಕಾಯಿ ಹಿಡಿದುಕೊಂಡು, "ಪೂಜಾರಿ, ನಮ್ಮ ಎಮ್ಮಿದು ಒಂದ ಕೇಳೂದಿತ್ರಿ" ಅನ್ನುತ್ತಿದ್ದರು. ಕಾರಿನ ಬಾಗಿಲು ತೆರೆದೇ ಇತ್ತು. ಸಿದ್ದಕ್ಕ ಸ್ವಲ್ಪ ಒಳಗೆ ಸರಿದು, ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

ಹೇಳಿ, ನೀವಾಗಿದ್ದರೆ ಹತ್ತುತ್ತಿದ್ದಿರಾ?