ಒಂದೇ ಸಾಲಿನ ಹಾಳೆ

"ಓದ್ರಿ. ನಿನ್ನಿ ಚಾದಂಗಡ್ಯಾಗ ಹೆಂಗ ಓದಿದ್ರಿ, ಹಂಗ ನನ್ನ ಮುಂದ ಓದ್ರಿ."

ಟಾಕೀಜಿನ ಕಚೇರಿಗೆ ನುಗ್ಗಿದ ಇಂದ್ರವ್ವ ಮೇಜಿನೆದುರು ನಿಂತಿದ್ದಳು. ನೂಲಿಗೆ ಗಂಜಿ ಹಚ್ಚುತ್ತಿದ್ದವಳು ಕೈಯನ್ನೂ ತೊಳೆಯದೆ ಬಂದಿದ್ದಳು. ಗುಮಾಸ್ತ ಹೊಳೆಪ್ಪ ಕನ್ನಡಕವನ್ನು ಹಣೆಗೇರಿಸಿದ. ಅವನ ಮುಂದೆ ಇಪ್ಪತ್ತಾರು ಹಾಳೆಗಳು ಒಪ್ಪವಾಗಿ ಕುಳಿತಿದ್ದವು. ಮೂರು ಗಂಟೆಯ ಜಮಖಂಡಿ ಬಸ್ಸಿನ ಟಪಾಲಿಗೆ ಅವು ಹೋಗಬೇಕಾಗಿತ್ತು.

ಮುಂಬಯಿಯ ಸಿನಿಮಾ ಮಂಡಳಿಯೊಂದು ಪ್ರಾಂತ್ಯದ ಎಲ್ಲ ಟಾಕೀಜುಗಳಿಂದ ಪಟ್ಟಿ ಕೇಳಿತ್ತು: ಅಂದಿನವರೆಗೆ ತೋರಿಸಿದ ಚಿತ್ರಗಳು ಯಾವುವು, ಯಾವ ಸ್ಟುಡಿಯೊದವು. ಎಲ್ಲವೂ ಸೇರಿ ಪುಸ್ತಕವಾಗುವುದಿತ್ತು. ಒಂದು ಸ್ಟುಡಿಯೊಗೆ ಒಂದು ಹಾಳೆ, ಒಂದೇ ಹೆಸರು ಎಂಬುದು ಕಟ್ಟುನಿಟ್ಟಿನ ಷರತ್ತು. ಹೊಳೆಪ್ಪನ ಹದಿನಾಲ್ಕು ವರ್ಷಗಳ ರಿಜಿಸ್ಟರಿನಲ್ಲಿ ಒಂದೇ ಸ್ಟುಡಿಯೊ ಒಮ್ಮೆ ಮಾಲಕನ ಹೆಸರಿನಿಂದ, ಒಮ್ಮೆ ಊರಿನ ಹೆಸರಿನಿಂದ, ಇನ್ನೊಮ್ಮೆ ತೆರೆಯ ಮೇಲಿನ ಗುರುತಿನಿಂದ ದಾಖಲಾಗಿತ್ತು. ಎರಡು ತಿಂಗಳು ಕೂತು ಅವನು ಎಲ್ಲವನ್ನೂ ಬೇರ್ಪಡಿಸಿ, ಕೂಡಿಸಿ, ಒಂದು ಕ್ರಮಕ್ಕೆ ತಂದಿದ್ದ. ಆ ಹೆಮ್ಮೆಯಲ್ಲಿಯೇ ನಿನ್ನೆ ಪಟ್ಟಿಯನ್ನು ಚಾದಂಗಡಿಯಲ್ಲಿ ಗಟ್ಟಿಯಾಗಿ ಓದಿದ್ದ. ಕೊಲ್ಲಾಪುರದ ಪದ್ಮದೀಪ ಸ್ಟುಡಿಯೊದ ಚಿತ್ರಗಳ ನಡುವೆ 'ಸಾತವ್ವನ ಸೆರಗು' ಬಂದೊಡನೆ ಯಾರೋ ಕೂಗಿದ್ದರು: "ಏ ಚನಮಲ್ಲಪ್ಪಾ, ಅದು ನಿಂದಲ್ಲಂತಲೋ!"

ಇಂದ್ರವ್ವನ ಗಂಡ ಚನಮಲ್ಲಪ್ಪ ಅರ್ಧ ಚಹ ಬಿಟ್ಟು ಎದ್ದುಹೋಗಿದ್ದ. ನಗುವಿನ ಗದ್ದಲದಲ್ಲಿ ಹೊಳೆಪ್ಪ ಅದನ್ನು ಗಮನಿಸಿರಲಿಲ್ಲ.

"ಎದ್ದ ಬಂದಾವ್ರು ಉಂಡಿಲ್ಲ, ಮಾತಾಡಿಲ್ಲ" ಎಂದಳು ಇಂದ್ರವ್ವ. "ಮನ್ಯಾಗಿನ ನಾಕೂ ಮಗ್ಗ ಮಾರಿ ಪಿಕ್ಚರ್ ತಗದ್ರು. ಈಗ ಮಂದಿ ಮಗ್ಗದಾಗ ಕುಂತ ನೇಯಾಕತ್ತಾರ. ಅದಕ್ಕ ಅಳಲಿಲ್ಲ. ಹ್ವಾದ ವರ್ಷ ಮುಂಬೈ ಗೋದಾಮಿಗೆ ಬೆಂಕಿ ಬಿದ್ದು ರೀಲೆಲ್ಲಾ ಸುಟ್ಟಾಗೂ ಅಳಲಿಲ್ಲ. ನಿನ್ನಿ ಅತ್ತಾರ್ರಿ."

"ಪಿಕ್ಚರ್ ತಗದದ್ದು ಪದ್ಮದೀಪದಾಗಲ್ಲೇನವ್ವಾ?" ಹೊಳೆಪ್ಪ ಸಮಾಧಾನದಿಂದಲೇ ಹೇಳಿದ. "ಬನಹಟ್ಟ್ಯಾಗ ಸ್ಟುಡಿಯೊ ಎಲ್ಲೈತಿ?"

"ನಲವತ್ತ ದಿನ ಬಾಡಗಿ ಹಿಡದಿದ್ವಿ. ಬಾಡಗಿ ಮನ್ಯಾಗ ಹಡದರ ಕೂಸು ಮನಿ ಮಾಲಕಂದಾಕ್ಕೈತೇನ್ರಿ?"

ಆರಾಮ ಕುರ್ಚಿಯಲ್ಲಿ ಒರಗಿದ್ದ ಟಾಕೀಜಿನ ಮಾಲಕ ಬಸಗೊಂಡಪ್ಪ ನಕ್ಕ. "ನಾಕ ದಿನ ಓಡಿದ ಕೂಸದು, ತಂಗಿ. ಯಾರದಾದ್ರೇನು?"

ಅವಳು ಅವನ ಕಡೆ ತಿರುಗಲಿಲ್ಲ. "ನೀವು ಹೇಳ್ರಿ ಹೊಳೆಪ್ಪಣ್ಣಾ. ಅವತ್ತ ಇದ ಟಾಕೀಜಿನ್ಯಾಗ ನೀವೂ ಕುಂತ ನೋಡೀರಿ."

ಹೊಳೆಪ್ಪ ಹಳೆಯ ರಿಜಿಸ್ಟರು ತೆರೆದ. ಐದು ವರ್ಷಗಳ ಹಿಂದೆ ಆ ಚಿತ್ರ ಬಂದ ಶುಕ್ರವಾರದ ಸಾಲು ಅವನದೇ ಅಕ್ಷರದಲ್ಲಿತ್ತು: 'ಸಾತವ್ವನ ಸೆರಗು', ಲಾಳಿ ಚಿತ್ರ, ಬನಹಟ್ಟಿ. ಚನಮಲ್ಲಪ್ಪ ತನ್ನ ಕಂಪನಿಗೆ ಇಟ್ಟ ಹೆಸರು ಅದು. ಅಂದು ತೆರೆಯ ಮೇಲೆ ಕಂಪನಿಯ ಗುರುತಾಗಿ ಮಗ್ಗದ ಲಾಳಿಯೊಂದು ಎಡದಿಂದ ಬಲಕ್ಕೆ ಓಡಿದಾಗ ನೇಕಾರರೆಲ್ಲ ಎದ್ದು ಸಿಳ್ಳೆ ಹೊಡೆದಿದ್ದರು. ಅಂದು ಸರಿಯಾಗಿಯೇ ಬರೆದಿದ್ದ. ಮೊನ್ನೆ ಅದರ ಮೇಲೆ ಕೆಂಪು ಮಸಿಯ ಗೆರೆ ಎಳೆದವನೂ ಅವನೇ. ಆ ಗೆರೆ ಎಷ್ಟು ನೇರವಾಗಿತ್ತೆಂದರೆ, ಎಳೆಯುವಾಗ ಕೈ ಒಂದಿಷ್ಟೂ ತಡವರಿಸಿರಲಿಲ್ಲ ಎಂಬುದು ಕಾಣುತ್ತಿತ್ತು. ಅವನ ಕಿವಿ ಬಿಸಿಯಾಯಿತು.

ಅವನು ಪದ್ಮದೀಪದ ಹಾಳೆಯನ್ನು ಎಳೆದು ನಾಲ್ಕು ಚೂರು ಮಾಡಿದ. ಆ ಒಂದು ಚಿತ್ರವನ್ನು ಬಿಟ್ಟು ಉಳಿದ ಹನ್ನೊಂದನ್ನು ಬೇರೆ ಹಾಳೆಗೆ ಇಳಿಸತೊಡಗಿದ.

"ಲೇ ಹೊಳೆಪ್ಪಾ, ಹುಚ್ಚ ಹಿಡೀತೇನು?" ಬಸಗೊಂಡಪ್ಪ ಎದ್ದುನಿಂತ. "ಮುಂದಿನ ತಿಂಗಳ ಪದ್ಮದೀಪದಾವ್ರು ಹೊಸಾ ಪಿಕ್ಚರ್ ಕೊಡ್ತೇವಂದಾರ. ಅವರ ಪಟ್ಟಿ ಯಾಕ ಕಡಿಮಿ ಮಾಡ್ತಿ? ನಾ ಸಹಿ ಮಾಡಾಂವಲ್ಲ."

ಹೊಳೆಪ್ಪ ಬರೆದು ಮುಗಿಸುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಇನ್ನೊಂದು ಹಾಳೆ ತೆಗೆದು, ಮೇಲ್ತುದಿಯಲ್ಲಿ 'ಲಾಳಿ ಚಿತ್ರ' ಎಂದೂ ಅದರ ಕೆಳಗೆ 'ಸಾತವ್ವನ ಸೆರಗು' ಎಂಬ ಒಂದೇ ಒಂದು ಸಾಲನ್ನೂ ಬರೆದ. ಕಟ್ಟನ್ನೆಲ್ಲ ಎತ್ತಿ ಎರಡೂ ಕೈಯಲ್ಲಿ ಹಿಡಿದ.

"ಹದಿನಾಲ್ಕ ವರ್ಷ ನಿಮ್ಮ ಮುಂದ ಕುಂತೇನ್ರಿ ಸಾವಕಾರ್ರ, ಒಮ್ಮೆರೆ ಎದರಾಡಿಲ್ಲ. ಸಹಿ ಮಾಡ್ರಿ. ಇಲ್ಲಾಂದ್ರ ಇಪ್ಪತ್ತೇಳೂ ಹಾಳಿ ಇಲ್ಲೇ ಹರೀತೇನಿ. ನಿಮ್ಮ ಟಾಕೀಜಿನ ಹೆಸರ ಆ ಪುಸ್ತಕದಾಗ ಇರೂದ ಬ್ಯಾಡ."

ಅವನು ಕಟ್ಟನ್ನು ಎರಡೂ ಕಡೆಗೆ ಎಳೆದ. ಹಾಳೆಗಳ ಅಂಚು ಆಗಲೇ ಸ್ವಲ್ಪ ಸೀಳಿತ್ತು. ಬಸಗೊಂಡಪ್ಪ ಅದನ್ನು ನೋಡಿದ, ಅವನ ಮುಖ ನೋಡಿದ. ಕಟ್ಟನ್ನು ಕಸಿದು ಮೇಜಿಗೆ ಹಾಕಿ ಸಹಿ ಗೀಚಿದ. "ನಾಳಿಂದ ಬರಬ್ಯಾಡ" ಎಂದು ಹೊರನಡೆದ.

ಇಂದ್ರವ್ವ ಮೇಜಿನ ಮೇಲಿನ ಕೊನೆಯ ಹಾಳೆಯನ್ನು ದಿಟ್ಟಿಸಿದಳು. ಅವಳಿಗೆ ಓದು ಬಾರದು.

"ಇಷ್ಟ ಏನ್ರಿ? ಕೆಳಗೆಲ್ಲಾ ಖಾಲಿ?"

"ಎರಡನೇ ಪಿಕ್ಚರ್ ಇಲ್ಲಲ್ಲವ್ವಾ."

"ಹೂಂ." ಅವಳ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. "ಇಷ್ಟಕ್ಕ ಒಬ್ಬಾಕಿ ಹೆಂಗಸು ಬಂದು ಬೈಬೇಕಾತು ನೋಡ್ರಿ."

ಅವಳು ಕೇಳದೆಯೇ ಆ ಹಾಳೆಯನ್ನು ಎತ್ತಿಕೊಂಡಳು. ಮಸಿ ಅಳಿಸದಂತೆ ಎರಡೂ ಅಂಗೈಗಳ ಮೇಲೆ ಅಡ್ಡಲಾಗಿ ಹಿಡಿದು, ಬೀದಿ ದಾಟಿ, ಗಂಡ ನೇಯುತ್ತಿದ್ದ ಎದುರಿನ ಓಣಿಗೆ ನಡೆದಳು. ಹೊಳೆಪ್ಪ ಬಾಗಿಲಿಗೆ ಬಂದು ನಿಂತ. ನಿಲ್ದಾಣದ ಕಡೆಯಿಂದ ಬಸ್ಸು ಒಮ್ಮೆ ಹಾರ್ನ್ ಹಾಕಿತು. ಅವನು ಅವಳನ್ನು ಕರೆಯಲಿಲ್ಲ.

ಓಣಿಯ ತುಂಬ ಮಗ್ಗಗಳು ಬಡಿಯುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ, ಅವುಗಳಲ್ಲಿ ಒಂದು ನಿಂತಿತು.